ನಾನು ಮೀನು ಬಿಟ್ಟ ತಪಸ್ಸುಕಾಲ

ದಿನದಿನಕ್ಕೂ ಪವಿತ್ರತೆಯಲ್ಲಿ ಬೆಳೆಯಿರಿ ಎಂದು ನಮ್ಮ ಪಾದ್ರಿಗಳು ಪ್ರತಿ ಭಾನುವಾರ ಹೇಳುತ್ತಿದ್ದರು. ಎಷ್ಟು ಗಂಟೆಗೆ ಎಂದು ಮಾತ್ರ ಹೇಳುತ್ತಿರಲಿಲ್ಲ. ಆ ಕೊರತೆಯನ್ನು ನಾನೇ ತುಂಬಿಕೊಂಡೆ. ಅಂಕೋಲೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸಲು ಸೇರಿದ ಎರಡನೆಯ ವರ್ಷ, ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದ ಹಿಂದಿನ ದಿನ, ಒಂದು ಹಾಳೆಗೆ ಉದ್ದಗೆರೆ ಅಡ್ಡಗೆರೆ ಎಳೆದು, ಪವಿತ್ರತೆಗೊಂದು ವೇಳಾಪಟ್ಟಿ ಬರೆದು ಕಪಾಟಿನ ಬಾಗಿಲ ಒಳಮೈಗೆ ಅಂಟಿಸಿದೆ. ನಾಲ್ಕೂವರೆಗೆ ಏಳುವುದು. ಐದರಿಂದ ಐದೂವರೆ ಧ್ಯಾನ. ಬೆಳಿಗ್ಗೆ ಎಂಟರವರೆಗೆ ಪೂರ್ಣ ಮೌನ. ಸಂಜೆ ಆರಕ್ಕೆ ಜಪಮಾಲೆ, ಅದರ ಬೆನ್ನಿಗೆ ಆತ್ಮಪರೀಕ್ಷೆ. ಆತ್ಮಪರೀಕ್ಷೆಗೆ ಹತ್ತಕ್ಕೆ ಇಷ್ಟು ಎಂದು ಒಂದು ಪುಸ್ತಕದಲ್ಲಿ ಅಂಕ ಹಾಕಿಕೊಳ್ಳುವುದು ನನ್ನ ಸ್ವಂತ ಸುಧಾರಣೆ. ಮಕ್ಕಳ ಶುದ್ಧಬರಹಕ್ಕೆ ಹಾಕುವಂತೆಯೇ ತಾಳ್ಮೆಗೆ ಇಷ್ಟು, ವಿನಯಕ್ಕೆ ಇಷ್ಟು. ವಿನಯಕ್ಕೆ ಮೊದಲ ದಿನವೇ ಒಂಬತ್ತು ಬಂತು.

ನನ್ನನ್ನು ಪೂರ್ತಿ ದೂರಬಾರದು. ನಾನು ಹುಟ್ಟಿದ್ದು ಕಾರವಾರದಲ್ಲಿ. ಅಪ್ಪ ಬೈತಖೋಲದ ಬಂದರಿನಲ್ಲಿ ಸರಕು ಇಳಿಸುವವರ ಮೇಸ್ತ್ರಿ. ತಾಯಿ ತೀರಿಕೊಂಡ ಮೇಲೆ ಅವರು ನನ್ನನ್ನು ಸಿಸ್ಟರುಗಳ ವಸತಿಶಾಲೆಗೆ ಸೇರಿಸಿದರು. ಅಲ್ಲಿ ಹತ್ತು ವರ್ಷ ಗಂಟೆಯ ಶಬ್ದಕ್ಕೆ ಎದ್ದು, ಗಂಟೆಯ ಶಬ್ದಕ್ಕೆ ಉಂಡು, ಗಂಟೆಯ ಶಬ್ದಕ್ಕೆ ನಿದ್ದೆ ಬರಿಸಿಕೊಂಡು ಬೆಳೆದವಳು ನಾನು. ರಾತ್ರಿಯ ಪ್ರಾರ್ಥನೆಯಿಂದ ಬೆಳಗಿನ ಉಪಾಹಾರದವರೆಗೆ ಅಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಚೇಳು ಕಚ್ಚಿದರೂ ಮೊದಲು ಕೈ ಎತ್ತಿ ಅನುಮತಿ ಕೇಳಬೇಕು, ಕೂಗುವುದು ಆಮೇಲೆ. ಆ ಶಿಸ್ತಿನ ಮೇಲೆ ನನಗೆ ಇವತ್ತಿಗೂ ಗೌರವವಿದೆ. ಈಗಲೂ ನಾಲ್ಕೂವರೆಗೇ ಏಳುತ್ತೇನೆ. ಆದರೆ ವಸತಿಶಾಲೆಯಲ್ಲಿ ಎಲ್ಲರೂ ಮೌನವಾಗಿರುತ್ತಿದ್ದರು. ಅಂಕೋಲೆಯಲ್ಲಿ ಮೌನವಾಗಿದ್ದವಳು ನಾನೊಬ್ಬಳೇ. ಈ ವ್ಯತ್ಯಾಸ ನನ್ನ ಲೆಕ್ಕಕ್ಕೆ ಸಿಕ್ಕಿರಲಿಲ್ಲ.

ಅಂಕೋಲೆಯಲ್ಲಿ ನಾನು ಇದ್ದದ್ದು ಮಾವ್ಶಿಯ ಮನೆಯಲ್ಲಿ. ಮಾವ್ಶಿಯೆಂದರೆ ನನ್ನ ತಾಯಿಯ ಅಕ್ಕ. ವಿಧವೆ, ಮಕ್ಕಳಿಲ್ಲ, ದಪ್ಪ ಶರೀರ, ತೆಳು ನಗು. ಅವಳಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ, ಅದಕ್ಕಾಗಿ ಬೇಸರವೂ ಇರಲಿಲ್ಲ. ಪ್ರಾರ್ಥನೆಯನ್ನು ಅವಳು ಕಾಯಿ ತುರಿಯುತ್ತ, ಮಸಾಲೆ ಅರೆಯುತ್ತ, ಬೆಕ್ಕಿಗೆ ಬೈಯುತ್ತ ಮಾಡುತ್ತಿದ್ದಳು. ದೇವರಿಗೆ ಹೇಳಿದ್ದು ಎಲ್ಲಿ ಮುಗಿಯಿತು, ಬೆಕ್ಕಿಗೆ ಹೇಳಿದ್ದು ಎಲ್ಲಿ ಶುರುವಾಯಿತು ಎಂದು ತಿಳಿಯುವುದು ಕಷ್ಟವಿತ್ತು. ಮನೆಯಲ್ಲಿ ನಮ್ಮ ಮಾತು ಕೊಂಕಣಿ. ಇಲ್ಲಿ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಮಗಳೇ ಎನ್ನುವ ಅವಳ 'ಬಾಯೆ'ಯನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ.

ಈಸ್ಟರಿಗೆ ಮುಂಚಿನ ನಲವತ್ತು ದಿನ ತಪಸ್ಸುಕಾಲ. ಆಗ ಮಾಂಸ ಬಿಡುವುದು ನಮ್ಮವರ ಪದ್ಧತಿ. ನಮ್ಮ ಕರಾವಳಿಯಲ್ಲಿ ಇದೊಂದು ತಮಾಷೆ. ಮಾಂಸವನ್ನು ನಾವು ನೋಡುತ್ತಿದ್ದುದೇ ಮದುವೆಯಲ್ಲಿ, ಹಬ್ಬದಲ್ಲಿ. ಬಿಡಬೇಕಾದರೆ ಮೊದಲು ಇರಬೇಕಲ್ಲ? ಇಲ್ಲದ ಮಾಂಸವನ್ನು ಬಿಟ್ಟು, ಇದ್ದ ಮೀನನ್ನು ಇನ್ನಷ್ಟು ತಿಂದು, ಬಹಳ ತ್ಯಾಗ ಮಾಡಿದವರ ಮುಖ ಹೊತ್ತು ನಾವು ಇಗರ್ಜಿಗೆ ಹೋಗುತ್ತಿದ್ದೆವು. ಈ ಮೋಸ ಸಾಕು ಎಂದು ನನಗನಿಸಿತು.

"ಮಾವ್ಶಿ, ಈ ಸಲ ಮೀನೂ ಬಿಡೋಣ" ಎಂದೆ.

ಮಾವ್ಶಿ ಒರಳಿನಿಂದ ಕೈ ತೆಗೆದಳು. "ಬಿಟ್ಟು?"

"ಬೇಳೆ ಸಾರು."

ಅವಳು ಮಸಾಲೆಯ ಕೈಯಲ್ಲೇ ಶಿಲುಬೆಯ ಗುರುತು ಮಾಡಿಕೊಂಡಳು. "ಬಾಯೆ, ನಮ್ಮ ಸ್ವಾಮಿ ಐದು ಸಾವಿರ ಜನರಿಗೆ ರೊಟ್ಟಿಯ ಜೊತೆ ಬಡಿಸಿದ್ದು ಬೇಳೆ ಸಾರನ್ನೇ?"

"ಅದು ಬೇರೆ."

"ಸತ್ತು ಎದ್ದು ಬಂದ ಮೇಲೆ ದಡದಲ್ಲಿ ಕೆಂಡ ಮಾಡಿ ಶಿಷ್ಯರಿಗೆ ಸುಟ್ಟುಕೊಟ್ಟದ್ದು? ಹೀರೆಕಾಯಿಯೋ?"

ಶಾಸ್ತ್ರದಲ್ಲಿ ನಾನು ಸೋತೆ. ಆದರೆ ಮನೆಯಲ್ಲಿ ಸಂಬಳ ತರುವವಳು ನಾನು, ಸ್ವಭಾವವೂ ಮೊದಲಿನಿಂದ ಗಡುಸು. ಹೀಗೆ ಮಾವ್ಶಿಯ ಪವಿತ್ರತೆಯೂ ನನ್ನ ವೇಳಾಪಟ್ಟಿಗೆ ಸೇರಿತು.

ಮರುದಿನ ಬೆಳಿಗ್ಗೆ ಏಳೂವರೆಗೆ ಮೀನಿನವಳು ಬಂದಳು. ಅವಳು ಊರ ಪಕ್ಕದ ಕೇಣಿ ದಡದವಳು. ನನಗಿಂತ ಹತ್ತು ವರ್ಷ ದೊಡ್ಡವಳು, ತಲೆಯ ಮೇಲೆ ಬುಟ್ಟಿ, ಬುಟ್ಟಿಗಿಂತ ಮುಂಚೆ ಬಂದು ತಲುಪುವ ಧ್ವನಿ. ನಮ್ಮ ಓಣಿಯ ಹನ್ನೆರಡು ಮನೆಗಳಿಗೆ ಮೀನು ಕೊಡುವುದು ಅವಳ ಅತ್ತೆಯಿಂದ ಅವಳಿಗೆ ಬಂದ ಹಕ್ಕು. ಹೊಲ ಗದ್ದೆ ಇಲ್ಲದವಳಿಗೆ ಆ ಓಣಿಯೇ ಹೊಲ. ಗಂಡನ ದೋಣಿ ಹಳೆಯದು, ಸಮುದ್ರ ಕೊಟ್ಟ ದಿನ ಕೊಟ್ಟಿತು. ಓಣಿ ಮಾತ್ರ ದಿನವೂ ಕೊಡುತ್ತಿತ್ತು.

ಅವಳು ಓಣಿಗೆ ಕಾಲಿಟ್ಟರೆ ಮೊದಲು ನಮ್ಮ ಮನೆಗೇ ಬರಬೇಕು, ನಾನೇ ಹೊರಗೆ ಬಂದು ಕೊಳ್ಳಬೇಕು. ದಿನದ ಮೊದಲ ವ್ಯಾಪಾರಕ್ಕೆ ಬೋಣಿ ಎನ್ನುತ್ತಾರೆ. ಬೋಣಿ ಮಾಡಿದ ಕೈ ಒಳ್ಳೆಯದಾದರೆ ಬುಟ್ಟಿ ಖಾಲಿ, ಕೆಟ್ಟದಾದರೆ ಮೀನು ವಾಪಸ್ಸು. ನಾನು ಊರಿಗೆ ಬಂದ ವಾರ ಒಮ್ಮೆ ಮೊದಲು ಕೊಂಡಾಗ ಬುಟ್ಟಿ ವಕೀಲರ ಮನೆ ದಾಟುವುದರೊಳಗೆ ಖಾಲಿಯಾಯಿತಂತೆ. ಅಂದಿನಿಂದ 'ಅಕ್ಕೋರ ಕೈ' ಪ್ರಸಿದ್ಧವಾಯಿತು. ನಮ್ಮ ಕಡೆ ಶಾಲೆಯ ಶಿಕ್ಷಕಿಗೆ ಅಕ್ಕೋರು ಎನ್ನುತ್ತಾರೆ. ಇದೆಲ್ಲ ಮೂಢನಂಬಿಕೆ ಎಂದು ಅವಳಿಗೆ ನಾನು ಎಷ್ಟೋ ಸಲ ಹೇಳಿದ್ದೆ. ಹೇಳುತ್ತಲೇ ಕೈ ಚಾಚಿದ್ದೆ.

"ಅಕ್ಕೋರೆ! ಬಂಗ್ಡೆ ನೋಡಿ, ಕಣ್ಣು ಇನ್ನೂ ಪಿಳಿಪಿಳಿ ಮಾಡ್ತದೆ. ಬನ್ನಿ, ಬೋಣಿ ಮಾಡಿ."

ಗಂಟೆ ಏಳೂವರೆ. ಮೌನ ಎಂಟರವರೆಗೆ. ನಾನು ಬಾಗಿಲಿಗೆ ಬಂದು, ಸಂತರ ಪಟದಲ್ಲಿರುವವರ ಹಾಗೆ ಕಣ್ಣು ಕೆಳಗೆ ಮಾಡಿ, ಇಲ್ಲವೆಂದು ತಲೆ ಅಲ್ಲಾಡಿಸಿದೆ.

"ಬಂಗ್ಡೆ ಬ್ಯಾಡ್ವಾ? ಶೆಟ್ಲಿ ಅದೆ. ನೋಡಿ, ಬೆರಳಷ್ಟು ದಪ್ಪ."

ಮತ್ತೆ ತಲೆ ಅಲ್ಲಾಡಿಸಿದೆ.

"ಯೆಂತಾ ಆಯ್ತು? ಗಂಟ್ಲು ನೋವಾ?"

ಮೂರನೆಯ ಸಲ ತಲೆ ಅಲ್ಲಾಡಿಸಿ ಬಾಗಿಲು ಮುಂದೆ ಮಾಡಿದೆ. ಆ ಸಂಜೆ ಆತ್ಮನಿಗ್ರಹಕ್ಕೆ ಹತ್ತಕ್ಕೆ ಹತ್ತು ಹಾಕಿಕೊಂಡೆ. ಸೀಗಡಿ ನಿಜಕ್ಕೂ ದಪ್ಪವಾಗಿತ್ತು.

ಎರಡನೆಯ ದಿನವೂ ಹಾಗೆಯೇ. ಮೂರನೆಯ ದಿನ ಮಾವ್ಶಿ ಹಿತ್ತಲಿನಿಂದ ಓಡಿಬಂದು, "ಅವಳಿಗೆ ವ್ರತ, ನಲವತ್ತು ದಿನ ಮೀನಿಲ್ಲ" ಎಂದು ಬಾಗಿಲ ಸಂದಿಯಿಂದ ಹೇಳಿದಳು. ಮೀನಿನವಳು ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ನಂಗೇ ಹೇಳ್ತ್ರಾ? ನನ್ನ ಅತ್ತೆ ಕಾಲದಿಂದ ನಿಮ್ಮೋರಿಗೆ ಮೀನ್ ಕೊಟ್ಟೋರು ನಾವು. ಈ ತಿಂಗ್ಳು ನೀವು ಮಾಂಸ ಬಿಟ್ಟು ಮೀನ್ ಜಾಸ್ತಿ ತಿಂಬೂದು. ಮೀನ್ ಬಿಡೂ ವ್ರತ ನಿಮ್ಮಲ್ಲಿ ಯಾವಾಗ ಬಂತು? ನನ್ನ ಮೀನ್ ಬ್ಯಾಡ ಅಂತ ಸೀದಾ ಹೇಳಿ."

ನಾನು ಒಳಗೆ ಮೌನವಾಗಿ ಕುಳಿತು ಇದನ್ನೆಲ್ಲ ಕೇಳಿದೆ. ಎಂಟು ಗಂಟೆಗೆ ಮಾತು ಬಂದಾಗ ಅವಳು ಓಣಿಯ ಕೊನೆ ದಾಟಿದ್ದಳು.

ಅದು ಸತ್ಯಾಗ್ರಹದ ಕಾಲ. ಅಂಕೋಲೆಯಲ್ಲಿ ಅರ್ಧ ಊರು ಜೈಲು ಕಂಡಿತ್ತು, ಇನ್ನರ್ಧ ಜೈಲಿಗೆ ಹೋದವರ ಮನೆ ಕಾಯುತ್ತಿತ್ತು. ಆಗ ಯಾರಾದರೂ ಏನನ್ನಾದರೂ ಕೊಳ್ಳುವುದನ್ನು ಬಿಟ್ಟರೆ ಅದಕ್ಕೆ ಒಂದೇ ಅರ್ಥ: ಬಹಿಷ್ಕಾರ. ಪರದೇಶಿ ಬಟ್ಟೆಯ ಅಂಗಡಿ ಖಾಲಿ, ಸೇಂದಿ ಅಂಗಡಿ ಖಾಲಿ, ಪೊಲೀಸರಿಗೆ ಹಾಲು ಕೊಟ್ಟವರ ಮನೆಗೆ ಊರಿನವರು ಹೋಗುತ್ತಿರಲಿಲ್ಲ. ಇಂಥ ಊರಿನಲ್ಲಿ, ದಿನವೂ ಬೋಣಿ ಮಾಡುತ್ತಿದ್ದ ಅಕ್ಕೋರು ಮೀನಿನವಳ ಮುಖ ನೋಡದೆ, ಒಂದು ಮಾತನ್ನೂ ಆಡದೆ, ಮೂರು ದಿನ ತಲೆ ಅಲ್ಲಾಡಿಸಿ ಕಳಿಸಿದ್ದನ್ನು ಓಣಿಯ ಹನ್ನೊಂದು ಮನೆಗಳೂ ಕಿಟಕಿಯಿಂದ ನೋಡಿದವು. ನಾಲ್ಕನೆಯ ದಿನಕ್ಕೆ ಕತೆ ಸಿದ್ಧವಾಗಿತ್ತು. ಮೀನಿನವಳು ಪೊಲೀಸರ ಬಿಡಾರಕ್ಕೆ ಮೀನು ಕೊಟ್ಟಿದ್ದಾಳೆ. ಅಕ್ಕೋರಿಗೆ ಅದು ಗೊತ್ತಾಗಿದೆ. ಬಾಯಿಬಿಟ್ಟರೆ ನೌಕರಿ ಹೋಗುತ್ತದೆ, ಅದಕ್ಕೇ ತಲೆ ಮಾತ್ರ ಅಲ್ಲಾಡಿಸುತ್ತಾರೆ.

ಇದು ನನಗೆ ತಿಳಿದದ್ದು ಬಹಳ ತಡವಾಗಿ. ಆಗ ನನಗೆ ಕಂಡದ್ದು ಇಷ್ಟೇ: ಬೀದಿಯಲ್ಲಿ ವಕೀಲರ ಹೆಂಡತಿ ನನಗೆ ವಿಶೇಷ ಗೌರವದಿಂದ ನಮಸ್ಕಾರ ಮಾಡುತ್ತಿದ್ದರು. ತಪಸ್ಸಿನ ತೇಜಸ್ಸು ಮುಖದಲ್ಲಿ ಕಾಣುತ್ತಿರಬೇಕು ಎಂದುಕೊಂಡೆ. ಹತ್ತನೆಯ ದಿನದಿಂದ ಮೀನಿನವಳು ಬರುವುದೇ ನಿಂತಿತು. ಬೆಳಗಿನ ಮೌನಕ್ಕೆ ಭಂಗ ತರುವವರು ಯಾರೂ ಇಲ್ಲದೆ ನನ್ನ ತಾಳ್ಮೆಯ ಅಂಕ ಏರುತ್ತಲೇ ಹೋಯಿತು.

ಮಾವ್ಶಿ ಬೇಳೆ ಸಾರಿನ ಮುಂದೆ ಕೂತು, "ಸತ್ತವರ ಮನೆಯಲ್ಲೂ ಮೂರು ದಿನಕ್ಕೆ ಒಲೆಗೆ ರುಚಿ ಬರುತ್ತದೆ" ಎನ್ನುತ್ತಿದ್ದಳು. ನಾನು ಅವಳ ತಾಳ್ಮೆಗೂ ಮನಸ್ಸಿನಲ್ಲೇ ಅಂಕ ಹಾಕುತ್ತಿದ್ದೆ. ಐದರ ಮೇಲೆ ಹೋಗಲಿಲ್ಲ.

ಮೂರನೆಯ ವಾರ ಅಗಸೂರಿನ ಶಾಲೆಯ ಮಕ್ಕಳ ಪರೀಕ್ಷೆಗೆ ನನ್ನನ್ನು ಕಳಿಸಿದರು. ಎತ್ತಿನ ಗಾಡಿಯಲ್ಲಿ ಹಿಂದಿರುಗುವಾಗ ನಡುಮಧ್ಯಾಹ್ನ. ರಸ್ತೆಯ ಬದಿಯಲ್ಲಿ ಬುಟ್ಟಿ ಹೊತ್ತ ಹೆಂಗಸೊಬ್ಬಳು ಕುಂಟುತ್ತ ಅಂಕೋಲೆಯ ಕಡೆ ಹೋಗುತ್ತಿದ್ದಳು. ಹಿಮ್ಮಡಿಗೆ ಬಟ್ಟೆ ಸುತ್ತಿದ್ದಳು. ಗಾಡಿ ಹತ್ತಿರವಾದಾಗ ನೋಡಿದರೆ ನಮ್ಮ ಮೀನಿನವಳು.

"ಗಾಡಿ ಹತ್ತು" ಎಂದೆ.

ಅವಳು ನನ್ನತ್ತ ನೋಡಿ, ಇಲ್ಲವೆಂದು ತಲೆ ಅಲ್ಲಾಡಿಸಿದಳು. ಬಾಯಿ ಬಿಡಲಿಲ್ಲ.

"ಇದೇನು, ಇಷ್ಟು ದೂರ?"

ಮತ್ತೆ ತಲೆ ಅಲ್ಲಾಡಿಸಿದಳು. ಗಾಡಿಯವನಿಗೆ ನಗು. ನಾನು ಕೆಳಗಿಳಿದು ಅವಳ ಪಕ್ಕ ನಡೆಯತೊಡಗಿದೆ. ಗಾಡಿ ನಮ್ಮ ಹಿಂದೆ ಖಾಲಿಯಾಗಿ ಬರುತ್ತಿತ್ತು. ಸುಮಾರು ಒಂದು ಫರ್ಲಾಂಗು ನಡೆದ ಮೇಲೆ ಅವಳಿಗೇ ತಡೆಯಲಾಗಲಿಲ್ಲ.

"ಹೆಂಗಾಗ್ತದೆ ಅಕ್ಕೋರೆ? ಮಾತಾಡ್ದೆ ತಲೆ ಅಲ್ಲಾಡ್ಸಿದ್ರೆ ಹೆಂಗಾಗ್ತದೆ, ಗೊತ್ತಾಯ್ತಾ?"

"ನನಗೆ ನಿನ್ನ ಮೇಲೆ ಸಿಟ್ಟಿರಲಿಲ್ಲ."

"ಸಿಟ್ಟಿದ್ರೆ ಬೈಯೂಕೆ ಬಾಯಿಲ್ವಾ? ಬೈದಿದ್ರೆ ನಾನೂ ಎರಡು ಮಾತು ಬೈದು ಮರುದಿನ ಬರ್ತಿದ್ದೆ. ನೀವು ಹೆಣ ಕಂಡಂಗೆ ಕಣ್ಣು ಕೆಳಗೆ ಮಾಡಿದ್ರಿ." ಬುಟ್ಟಿ ಹಿಡಿದ ಕೈ ಬದಲಿಸಿದಳು. "ಪೊಲೀಸ್ರಿಗೆ ಮೀನ್ ಕೊಟ್ಟದ್ದು ಹೌದು, ಒಂದೇ ಸಲ. ಕೊಡ್ದಿದ್ರೆ ಬುಟ್ಟೀನೇ ಎತ್ಕಂಡು ಹೋಗ್ತಿದ್ರು. ಅದ್ನ ನಿಮ್ಗೆ ಯಾರು ಹೇಳಿದ್ರು?"

"ಪೊಲೀಸರಿಗೆ ಕೊಟ್ಟಿದ್ದೀಯೆಂದು ನನಗೆ ಈಗಷ್ಟೇ ಗೊತ್ತಾಯಿತು!"

ಅವಳು ನಡಿಗೆ ನಿಲ್ಲಿಸಿದಳು. ಅಲ್ಲಿ, ರಸ್ತೆಯ ಮೇಲೆ, ಓಣಿಯ ಕತೆಯನ್ನು ಪೂರ್ತಿ ಹೇಳಿದಳು. ಹನ್ನೊಂದು ಮನೆಗಳೂ ಬಾಗಿಲು ಹಾಕಿದ್ದು, ಬೇರೆ ಓಣಿಗೆ ಹೋದರೆ ಅಲ್ಲಿಯ ಮೀನಿನವರು ಜಗಳಕ್ಕೆ ಬಂದದ್ದು, ಕೊನೆಗೆ ಯಾರ ಹಕ್ಕೂ ಇಲ್ಲದ ಅಗಸೂರಿನ ದಾರಿ ಹಿಡಿದದ್ದು. ಅಲ್ಲಿಗೆ ತಲುಪುವಷ್ಟರಲ್ಲಿ ಬಿಸಿಲಿಗೆ ಮೀನು ಅರ್ಧ ಬೆಲೆಯದಾಗುತ್ತಿತ್ತು. ಇನ್ನು ಸ್ವಲ್ಪ ದಿನ ಹೀಗೇ ಆದರೆ ಓಣಿಯನ್ನು ಅವಳ ನಾದಿನಿ ಹಿಡಿಯುತ್ತಾಳಂತೆ. ಆಮೇಲೆ ಅದು ನಾದಿನಿಯ ಹಕ್ಕು.

ನಾನು ವ್ರತವನ್ನು ವಿವರಿಸಿದೆ. ಪವಿತ್ರತೆ, ಮೌನ, ಇಂದ್ರಿಯನಿಗ್ರಹ, ಎಲ್ಲ ಕ್ರಮವಾಗಿ. ತರಗತಿಯಲ್ಲಿ ಹೇಳುವಂತೆಯೇ ಹೇಳಿದೆ. ಅವಳು ಪೂರ್ತಿ ಕೇಳಿದಳು.

"ಅಂದ್ರೆ ನೀವು ಪುಣ್ಯ ಮಾಡೂಕೆ ಹೋದದ್ದು?"

"ಹೌದು."

"ನಿಮ್ಮ ದೇವ್ರಿಗೆ ನನ್ನ ಮೀನ್ ಮೇಲೆ ಯೆಂತಾ ಹಗೆ?"

ಗಾಡಿಯವನು ಹಿಂದಿನಿಂದ, "ಅಕ್ಕೋರೆ, ನೀವಿಬ್ರೂ ಹತ್ತದಿದ್ರೆ ನಾನೂ ಇಳಿದು ನಡೀತೆ, ಎತ್ತುಗಳಾದ್ರೂ ಗಾಡಿಯಲ್ಲಿ ಬರ್ಲಿ" ಎಂದ. ಆಗ ಅವಳು ನಕ್ಕಳು. ಆದರೆ ಗಾಡಿ ಹತ್ತಲಿಲ್ಲ. ನಾನೂ ಹತ್ತಲಿಲ್ಲ. ಅಂಕೋಲೆಯವರೆಗೆ ನಡೆದು ನನ್ನ ಕಾಲಲ್ಲೂ ಬೊಬ್ಬೆಗಳು ಎದ್ದವು.

ಭಾನುವಾರ ಪಾಪನಿವೇದನೆಗೆ ಹೋದೆ. ಪಾದ್ರಿಗಳು ವಯಸ್ಸಾದವರು, ಗೋವೆಯ ಕಡೆಯವರು, ಪಾಪಗಳನ್ನು ಕೇಳಿ ಕೇಳಿ ಅವರಿಗೆ ಬೇಸರ ಬಂದಿತ್ತು. ನನ್ನದನ್ನು ಕೇಳುವಾಗ ಮಾತ್ರ ಜಾಲರಿಯ ಆಚೆಯಿಂದ ಕೆಮ್ಮಿನಂಥ ಶಬ್ದ ಬಂತು. ಅದು ಕೆಮ್ಮಲ್ಲ.

"ಮೀನು ಬಿಡಲು ಯಾರ ಅಪ್ಪಣೆ ಪಡೆದೆ, ಮಗಳೇ?"

"ಯಾರದೂ ಇಲ್ಲ, ಫಾದರ್. ನಾನೇ ತೀರ್ಮಾನಿಸಿದೆ."

"ಮೀನು ಬಿಟ್ಟವಳು ನೀನು. ಉಪವಾಸ ಬಿದ್ದವಳು ಅವಳು. ಪುಣ್ಯ ಯಾರ ಹೆಸರಿಗೆ ಬರೆಯಲಿ?"

ನಾನು ಒಂದು ಉಪಾಯ ಹೇಳಿದೆ: ದಿನವೂ ಮೀನು ಕೊಳ್ಳುತ್ತೇನೆ, ಮಾವ್ಶಿ ತಿನ್ನಲಿ, ನಾನು ವ್ರತ ಮುಂದುವರಿಸುತ್ತೇನೆ. ಎರಡೂ ನಡೆಯುತ್ತವೆ.

"ಬೇಡ. ಕೊಳ್ಳಬೇಕು. ಓಣಿಗೆ ಕೇಳುವಂತೆ ಮಾತಾಡಿ ಕೊಳ್ಳಬೇಕು. ತಿನ್ನಲೂಬೇಕು. ಇದೇ ನಿನ್ನ ಪ್ರಾಯಶ್ಚಿತ್ತ." ಆಮೇಲೆ, "ಅಂಕ ಹಾಕುವ ಆ ಪುಸ್ತಕ ಯಾರದು?" ಎಂದರು.

"ನನ್ನದೇ."

"ತಿದ್ದುವವಳು?"

"ನಾನೇ."

ಮತ್ತೆ ಆ ಕೆಮ್ಮು.

ಸೋಮವಾರ ಧ್ಯಾನದ ಹೊತ್ತಿಗೆ ಕೇಣಿಯ ದಡದಲ್ಲಿದ್ದೆ. ದೋಣಿಗಳು ಬಂದಿದ್ದವು. ಹೆಂಗಸರು ಬುಟ್ಟಿಗೆ ಮೀನು ತುಂಬುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಸೀರೆಯ ನನ್ನನ್ನು ಕಂಡು ಎಲ್ಲರ ಕೈ ನಿಂತಿತು.

"ಬೋಣಿ ಮಾಡಲು ಬಂದಿದ್ದೇನೆ" ಎಂದೆ.

ನಮ್ಮ ಮೀನಿನವಳು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಆಮೇಲೆ ಬುಟ್ಟಿಯಿಂದ ಒಂದು ಬಂಗಡೆ ಎತ್ತಿ ಪಕ್ಕದಲ್ಲಿದ್ದ ಮುದುಕಿಯ ಕೈಗೆ ಕೊಟ್ಟು, "ಅಜ್ಜೀ, ಒಂದು ಕಾಸು ಕೊಡು, ಬೋಣಿ ನೀನು ಮಾಡು" ಎಂದಳು. ಅಜ್ಜಿ ಸೆರಗಿನ ಗಂಟು ಬಿಚ್ಚಿ ಕಾಸು ಕೊಟ್ಟಳು. ಮೀನಿನವಳು ಅದನ್ನು ಕಣ್ಣಿಗೊತ್ತಿಕೊಂಡು ನನ್ನತ್ತ ತಿರುಗಿದಳು. "ಹಾಂ ಅಕ್ಕೋರೆ, ಈಗ ಹೇಳಿ. ನಿಮ್ಮ ಕೈನ ಈಗ್ಲೇ ನಂಬೂಕೆ ಆಗೂದಿಲ್ಲ."

ದಡದ ಹೆಂಗಸರೆಲ್ಲ ನಕ್ಕರು. ಬಾಯಿಗೆ ಬಂದ ಮಾತನ್ನು ನುಂಗಿದೆ. ಇಪ್ಪತ್ತು ದಿನದ ಮೌನದಲ್ಲಿ ಇಷ್ಟು ಕಷ್ಟದ ಮೌನ ಒಂದೂ ಇರಲಿಲ್ಲ.

"ಇಲ್ಲಿ ಕೊಂಡ್ರೆ ಯೆಂತಾ ಉಪಯೋಗ? ಓಣಿಯಲ್ಲಿ ಕೊಳ್ಳಿ" ಎಂದು ಅವಳು ಬುಟ್ಟಿ ಎತ್ತಿದಳು.

ನಾವಿಬ್ಬರೂ ಓಣಿ ತಲುಪಿದಾಗ ಏಳು ದಾಟಿತ್ತು. ಅವಳು ಬುಟ್ಟಿಯನ್ನು ಇಳಿಸಿದ್ದು ನಮ್ಮ ಮನೆಯ ಮುಂದಲ್ಲ, ಸೀದಾ ವಕೀಲರ ಮನೆಯ ಜಗಲಿಯ ಮುಂದೆ. ಕಿಟಕಿಗಳಲ್ಲಿ ಮುಖಗಳು ಮೂಡಿದವು. ನನ್ನ ತರಗತಿಯ ನಾಲ್ಕು ಹುಡುಗಿಯರು ಒಂದೇ ಕಿಟಕಿಯಲ್ಲಿದ್ದರು.

"ಎಂಟು ಬಂಗಡೆ ಕೊಡು" ಎಂದೆ.

"ಕೇಳೂದಿಲ್ಲ ಅಕ್ಕೋರೆ, ಸಮುದ್ರದ ಹತ್ರ ಹುಟ್ಟಿದ ಕಿವಿ ನಂದು."

ಗಟ್ಟಿಯಾಗಿ ಕೂಗಿದೆ. ಓಣಿಗೆಲ್ಲ ವಹಿನಿ ಎನಿಸಿಕೊಂಡ ವಕೀಲರ ಹೆಂಡತಿ ಜಗಲಿಗೆ ಬಂದರು. "ಟೀಚರ್, ನೀವು ಇವಳ ಹತ್ತಿರ?"

"ವಹಿನಿ, ಇವಳ ಮೇಲೆ ನನಗೆ ಯಾವ ದೂರೂ ಇಲ್ಲ. ನನ್ನದು ಬಹಿಷ್ಕಾರವಲ್ಲ. ನಾನು ಪುಣ್ಯವಂತೆಯಾಗಲು ಮೀನು ಬಿಟ್ಟಿದ್ದೆ. ಎಂಟು ಗಂಟೆಯವರೆಗೆ ಮಾತೂ ಬಿಟ್ಟಿದ್ದೆ. ಅದಕ್ಕೇ ತಲೆ ಅಲ್ಲಾಡಿಸಿದ್ದು."

ಮೊದಲು ನಕ್ಕದ್ದು ಆ ನಾಲ್ಕು ಹುಡುಗಿಯರ ಕಿಟಕಿ.

"ಅಯ್ಯೋ ದೇವರೇ" ಎಂದರು ವಹಿನಿ. ಅವರ ಮುಖದಲ್ಲಿ ನನ್ನ ಮೇಲಿದ್ದ ವಿಶೇಷ ಗೌರವ ಇಳಿದು ಹೋದದ್ದು ನನಗೆ ಸ್ಪಷ್ಟವಾಗಿ ಕಂಡಿತು. "ಮತ್ತೆ ಪೊಲೀಸರಿಗೆ ಕೊಟ್ಟದ್ದು?"

"ಅಮ್ಮಾ, ಲಾಠಿ ಹಿಡ್ದು ಕೇಳಿದ್ರೆ ನೀವಾದ್ರೆ ಯೆಂತಾ ಮಾಡ್ತ್ರಿ?" ಎಂದಳು ಮೀನಿನವಳು. "ಕೊಟ್ಟದ್ದು ಅಗ್ಗದ ತಾರ್ಲೆ ಮೀನ್. ಅದೂ ಹಿಂದಿನ ದಿನದ್ದು."

ವಹಿನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಭುಜ ಅಲುಗುತ್ತಿತ್ತು. ಒಳಗಿನಿಂದ ತಟ್ಟೆ ತರಿಸಿದರು. ಎದುರು ಮನೆಯ ಬಾಗಿಲು ತೆರೆಯಿತು, ಅದರ ಪಕ್ಕದ್ದೂ. ಚೌಕಾಶಿ ಶುರುವಾಯಿತು. ಎರಡು ವಾರ ಮೀನಿಲ್ಲದ ಓಣಿ ಅದು. ಮಾವ್ಶಿಯಷ್ಟೇ ಸಂಕಟ ಎಲ್ಲರೂ ಪಟ್ಟಿದ್ದರೆಂದು ಬುಟ್ಟಿ ಖಾಲಿಯಾದ ವೇಗದಲ್ಲೇ ತಿಳಿಯಿತು. ಕೊನೆಯಲ್ಲಿ ನನ್ನ ಎಂಟು ಬಂಗಡೆಯಲ್ಲಿ ಎರಡನ್ನು ವಾಪಸ್ಸು ತೆಗೆದು ಕೊನೆಯ ಮನೆಗೆ ಕೊಟ್ಟಳು. "ನಿಮ್ಗೆ ಆರು ಸಾಕು" ಎಂದಳು.

ಆ ದಿನ ಶಾಲೆಗೆ ಕಾಲು ಗಂಟೆ ತಡವಾಗಿ ಹೋದೆ. ಮಕ್ಕಳು ಬಹಳ ಶಿಸ್ತಿನಿಂದ ಕೂತಿದ್ದರು. ಹಾಜರಿ ಕರೆದಾಗ ಒಬ್ಬಳೂ ಬಾಯಿ ಬಿಡಲಿಲ್ಲ, ಹೌದೆಂದು ತಲೆ ಅಲ್ಲಾಡಿಸಿದರು. ಶಿಕ್ಷೆ ಕೊಡಬೇಕೆಂದುಕೊಂಡೆ. ಕೊಡಲು ಮುಖವಿರಲಿಲ್ಲ.

ಮಧ್ಯಾಹ್ನ ಮನೆಗೆ ಬಂದರೆ ಓಣಿಯ ತಿರುವಿನಿಂದಲೇ ವಾಸನೆ. ಮಾವ್ಶಿ ಅರ್ಧವನ್ನು ಹುಳಿ ಹಾಕಿ ಸಾರು ಮಾಡಿದ್ದಳು, ಇನ್ನರ್ಧಕ್ಕೆ ಕೆಂಪು ಮಸಾಲೆ ಸವರಿ ಕಾವಲಿಯ ಮೇಲಿಟ್ಟಿದ್ದಳು. ಪ್ರಾರ್ಥನೆ ಹೇಳಿ ಕೂತೆ. ಪ್ರಾಯಶ್ಚಿತ್ತ ತಾನೇ, ಆದಷ್ಟು ಗಂಭೀರವಾಗಿ ತಿನ್ನಬೇಕೆಂದು ತೀರ್ಮಾನಿಸಿದ್ದೆ. ಮೊದಲ ತುತ್ತಿಗೇ ಆ ತೀರ್ಮಾನ ಎಲ್ಲೋ ಹೋಯಿತು. ಎರಡನೆಯ ಮೀನಿಗೆ ಕೈ ಹಾಕಿದಾಗ ಮಾವ್ಶಿ ತನ್ನ ತಟ್ಟೆಯಿಂದ ತಲೆ ಎತ್ತದೆ ಹೇಳಿದಳು:

"ನಿಧಾನ, ಬಾಯೆ. ಮುಳ್ಳು ಸಿಕ್ಕೀತು. ಈಸ್ಟರಿಗೆ ಇನ್ನೂ ಮೂರು ವಾರ ಪ್ರಾಯಶ್ಚಿತ್ತ ಮಾಡುವುದಿದೆ."